ಸಮೂಹ ದಾವೆಯ ಹೆಸರಿಸದ ಸದಸ್ಯರಿಂದ ಮಾಹಿತಿ ಶೋಧನೆ

ಸಮೂಹ ದಾವೆಯ ಹೆಸರಿಸದ ಸದಸ್ಯರಿಂದ ಮಾಹಿತಿ ಶೋಧನೆ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಸಿವಿಲ್ ಪ್ರಕ್ರಿಯಾ ಕಾನೂನಿಗೆ ಸೇರಿದ ವಿಷಯ. ಒಂದೇ ಬಗೆಯ ಹಾನಿಗೆ ಒಳಗಾದ ಸಾವಿರಾರು ಜನರ ಪರವಾಗಿ ಒಬ್ಬರೋ ಕೆಲವರೋ ಹೂಡುವ ದಾವೆಗೆ ಅಲ್ಲಿ ಕ್ಲಾಸ್ ಆಕ್ಷನ್, ಅಂದರೆ ಸಮೂಹ ದಾವೆ, ಎಂದು ಹೆಸರು. ದಾವೆಯ ಶೀರ್ಷಿಕೆಯಲ್ಲಿ ಹೆಸರಿರುವವರು ಪ್ರತಿನಿಧಿ ವಾದಿಗಳು. ಉಳಿದವರು ಹೆಸರಿಸದ ಅಥವಾ ಗೈರುಹಾಜರಿ ಸದಸ್ಯರು. ಈ ಉಳಿದವರಿಗೆ ಪ್ರತಿವಾದಿಯು ಲಿಖಿತ ಪ್ರಶ್ನೆಗಳನ್ನು ಕಳುಹಿಸಬಹುದೇ, ಅವರ ಮನೆಯ ಕಾಗದಪತ್ರಗಳನ್ನು ಕೇಳಬಹುದೇ, ವಕೀಲರ ಮುಂದೆ ಕೂರಿಸಿ ಪ್ರಮಾಣದ ಹೇಳಿಕೆ ಪಡೆಯಬಹುದೇ, ಅವರು ಉತ್ತರಿಸದಿದ್ದರೆ ಅವರ ಹಕ್ಕು ರದ್ದಾಗಬೇಕೇ ಎಂಬ ಪ್ರಶ್ನೆಗಳು 1970ರ ದಶಕದ ಆರಂಭದಿಂದ ನ್ಯಾಯಾಲಯಗಳ ಮುಂದೆ ಬರುತ್ತಲೇ ಇವೆ. ಸಾಮಾನ್ಯ ನಿಯಮವಾಗಿ ಇಂತಹ ಶೋಧನೆಗೆ ಅವಕಾಶವಿಲ್ಲ. ಅಗತ್ಯವನ್ನು ಸಾಬೀತುಪಡಿಸಿದ ಪಕ್ಷಕ್ಕೆ ಮಾತ್ರ, ನ್ಯಾಯಾಲಯದ ಅನುಮತಿಯ ಮೇರೆಗೆ, ಸೀಮಿತವಾಗಿ ದೊರೆಯುತ್ತದೆ.

ಹಿನ್ನೆಲೆ

ಅಮೆರಿಕದ ಸಿವಿಲ್ ದಾವೆಯಲ್ಲಿ ವಿಚಾರಣೆಗೆ ಮುನ್ನ ಎರಡೂ ಪಕ್ಷಗಳು ಪರಸ್ಪರರಿಂದ ಮಾಹಿತಿ ಪಡೆಯುವ ವಿಸ್ತಾರವಾದ ಹಂತವೊಂದಿದೆ. ಇದನ್ನು ಡಿಸ್ಕವರಿ ಎನ್ನುತ್ತಾರೆ. ಈ ಲೇಖನದಲ್ಲಿ ಮಾಹಿತಿ ಶೋಧನೆ ಎಂದು ಕರೆಯಲಾಗಿದೆ. 1938ರಲ್ಲಿ ಜಾರಿಗೆ ಬಂದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳಲ್ಲಿ 26ರಿಂದ 37ರವರೆಗಿನ ನಿಯಮಗಳು ಮುಖ್ಯವಾಗಿ ಇದಕ್ಕೇ ಮೀಸಲು. 30ನೆಯ ನಿಯಮವು ಮೌಖಿಕ ಹೇಳಿಕೆಯನ್ನು ಕುರಿತದ್ದು. 33ನೆಯದು ಲಿಖಿತ ಪ್ರಶ್ನಾವಳಿಯನ್ನು, 34ನೆಯದು ದಾಖಲೆಗಳ ಹಾಜರಾತಿಯನ್ನು, 36ನೆಯದು ಸಂಗತಿಗಳನ್ನು ಒಪ್ಪಿಕೊಳ್ಳುವಂತೆ ಕೇಳುವುದನ್ನು ಕುರಿತವು. ಉತ್ತರ ಕೊಡದವರಿಗೆ 37ನೆಯ ನಿಯಮದಡಿ ದಂಡನೆಯುಂಟು. ದಾವೆಯನ್ನೇ ವಜಾ ಮಾಡುವವರೆಗೂ ಅದು ಹೋಗಬಹುದು.

ಭಾರತದ ನ್ಯಾಯಾಲಯಗಳ ಕಲಾಪವನ್ನು ಬಲ್ಲ ಓದುಗರಿಗೆ ಈ ವ್ಯವಸ್ಥೆಯ ಗಾತ್ರ ಸುಲಭವಾಗಿ ಅಂದಾಜಿಗೆ ಬರಲಾರದು. ನಮ್ಮಲ್ಲಿ ಸಾಕ್ಷಿಯ ಪಾಟಿ ಸವಾಲು ನ್ಯಾಯಾಲಯದ ಕಟಕಟೆಯಲ್ಲಿ ನಡೆಯುತ್ತದೆ. ಅಲ್ಲಿ ಅದರ ಬಹುಭಾಗ ವಿಚಾರಣೆಗೆ ಬಹಳ ಮೊದಲೇ, ನ್ಯಾಯಾಧೀಶರ ಅನುಪಸ್ಥಿತಿಯಲ್ಲಿ, ವಕೀಲರ ಕಚೇರಿಯಲ್ಲಿ ಮುಗಿದಿರುತ್ತದೆ. ಇದಕ್ಕೆ ತಗಲುವ ಸಮಯ ಮತ್ತು ಹಣ ಬಹಳ. ಎರಡು ಸಮಬಲದ ಕಂಪನಿಗಳ ನಡುವೆ ಅದು ಸಹ್ಯವಾಗಬಹುದು. ನೂರು ಡಾಲರ್ ಪರಿಹಾರ ನಿರೀಕ್ಷಿಸುವ ಒಬ್ಬ ಸಾಮಾನ್ಯ ಗ್ರಾಹಕನಿಗೆ ಅಲ್ಲ.

ಸಮೂಹ ದಾವೆಯನ್ನು 23ನೆಯ ನಿಯಮ ಆಳುತ್ತದೆ. 1966ರಲ್ಲಿ ಆ ನಿಯಮವನ್ನು ಸಮಗ್ರವಾಗಿ ತಿದ್ದಿ ಬರೆಯಲಾಯಿತು. ಅದಾದ ಮೇಲೆ ಹಣದ ಪರಿಹಾರ ಕೋರುವ ಸಮೂಹ ದಾವೆಯಲ್ಲಿ ವ್ಯಾಖ್ಯಾನಕ್ಕೆ ಒಳಪಡುವ ಪ್ರತಿಯೊಬ್ಬರೂ ತಾವಾಗಿ ಹೊರಗುಳಿಯುತ್ತೇವೆ ಎಂದು ತಿಳಿಸದ ಹೊರತು ಸದಸ್ಯರೇ ಆಗಿರುತ್ತಾರೆ. ಸೇರಲು ಅರ್ಜಿ ಬೇಡ, ಸಹಿ ಬೇಡ. ಸುಮ್ಮನಿದ್ದವನೂ ಒಳಗಿನವನೇ ಎಂಬ ಈ ತತ್ತ್ವದಿಂದಲೇ ಮುಂದಿನ ವಿವಾದವೆಲ್ಲ ಹುಟ್ಟಿತು. ಸುಮ್ಮನಿರುವುದು ನಿಯಮ ಕೊಟ್ಟ ಹಕ್ಕಾದರೆ, ಪ್ರತಿವಾದಿ ಕಳುಹಿಸಿದ ಪ್ರಶ್ನಾವಳಿಗೂ ಸುಮ್ಮನಿರಬಹುದೇ?

ಪಕ್ಷಕಾರರೇ, ಅಲ್ಲವೇ?

33 ಮತ್ತು 34ನೆಯ ನಿಯಮಗಳು ದಾವೆಯ ಪಕ್ಷಕಾರರಿಗೆ ಮಾತ್ರ ಅನ್ವಯಿಸುತ್ತವೆ. ಹೊರಗಿನವರಿಂದ ಮಾಹಿತಿ ಬೇಕಾದರೆ 45ನೆಯ ನಿಯಮದ ಪ್ರಕಾರ ಸಮನ್ಸ್ ಹೊರಡಿಸಿ ಸಾಕ್ಷಿಯಾಗಿ ಕರೆಸಬೇಕು. ಸಾಕ್ಷಿ ಭತ್ಯೆ ಕೊಡಬೇಕು. ಸಾಮಾನ್ಯವಾಗಿ ಅವರ ವಾಸ ಅಥವಾ ಉದ್ಯೋಗದ ಸ್ಥಳದಿಂದ 100 ಮೈಲಿಗಿಂತ ದೂರಕ್ಕೆ ಕರೆಸುವಂತಿಲ್ಲ. ಆದ್ದರಿಂದ ಹೆಸರಿಸದ ಸದಸ್ಯ ಪಕ್ಷಕಾರನೋ ಹೊರಗಿನವನೋ ಎಂಬುದು ಕೇವಲ ಶಬ್ದದ ಜಗಳವಲ್ಲ.

ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ತೀರ್ಪು ಬಂದಾಗ ಸದಸ್ಯನು ಅದಕ್ಕೆ ಬದ್ಧ. ಆ ಮಟ್ಟಿಗೆ ಪಕ್ಷಕಾರ. 1974ರ ಅಮೆರಿಕನ್ ಪೈಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದಂತೆ, ಸಮೂಹ ದಾವೆ ದಾಖಲಾದ ದಿನದಿಂದ ಸದಸ್ಯರೆಲ್ಲರ ಪಾಲಿಗೂ ಕಾಲಮಿತಿಯ ಗಡಿಯಾರ ನಿಲ್ಲುತ್ತದೆ. ಇಲ್ಲಿಯೂ ಆತ ಪಕ್ಷಕಾರನಂತೆಯೇ. ರಾಜಿಗೆ ಆಕ್ಷೇಪ ಸಲ್ಲಿಸಿದ ಹೆಸರಿಸದ ಸದಸ್ಯನು ಮೇಲ್ಮನವಿ ಹೋಗಬಹುದೆಂದು 2002ರ ಡೆವ್ಲಿನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ತೀರ್ಮಾನಿಸಿತು. ಕೆಲವು ಉದ್ದೇಶಗಳಿಗೆ ಪಕ್ಷಕಾರ, ಕೆಲವಕ್ಕೆ ಅಲ್ಲ ಎಂಬ ನಿಲುವನ್ನು ಅದು ಅಲ್ಲಿ ಸ್ಪಷ್ಟವಾಗಿಯೇ ತಳೆಯಿತು. ಆದರೆ ಸಮೂಹಕ್ಕೆ ಮಾನ್ಯತೆ ದೊರೆಯುವ ಮೊದಲು ಹೆಸರಿಸದ ವ್ಯಕ್ತಿ ಪಕ್ಷಕಾರನಲ್ಲ ಎಂದು 2011ರ ಸ್ಮಿತ್ ವಿರುದ್ಧ ಬೇಯರ್ ಕಾರ್ಪೊರೇಷನ್ ತೀರ್ಪು ಹೇಳಿದೆ.

ಶೋಧನೆಯ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವುದು 1985ರ ಫಿಲಿಪ್ಸ್ ಪೆಟ್ರೋಲಿಯಂ ವಿರುದ್ಧ ಶಟ್ಸ್ ಪ್ರಕರಣ. ನೈಸರ್ಗಿಕ ಅನಿಲದ ರಾಯಧನ ಪಾವತಿಯಲ್ಲಿ ಆದ ವಿಳಂಬಕ್ಕೆ ಬಡ್ಡಿ ಕೇಳಿ ಕಾನ್ಸಾಸ್ ರಾಜ್ಯದಲ್ಲಿ ಹೂಡಿದ ಆ ದಾವೆಯಲ್ಲಿ ಕೊನೆಗೆ 28,100 ಸದಸ್ಯರು ಉಳಿದರು. ಸುಮಾರು 3,400 ಮಂದಿ ಹೊರಗುಳಿದಿದ್ದರು. ಒಬ್ಬೊಬ್ಬರ ಹಕ್ಕಿನ ಸರಾಸರಿ ಮೊತ್ತ ಸುಮಾರು 100 ಡಾಲರ್. ಬೇರೆ ರಾಜ್ಯಗಳಲ್ಲಿರುವ ಇವರ ಮೇಲೆ ಕಾನ್ಸಾಸ್ ನ್ಯಾಯಾಲಯಕ್ಕೆ ಅಧಿಕಾರ ಹೇಗೆ ಬರುತ್ತದೆ ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ. ಪ್ರತಿವಾದಿಯ ಮೇಲೆ ಬೀಳುವ ಹೊರೆಗಳಾವುವೂ ಗೈರುಹಾಜರಿ ವಾದಿಯ ಮೇಲೆ ಬೀಳುವುದಿಲ್ಲ, ಅವನು ವಕೀಲರನ್ನು ನೇಮಿಸಬೇಕಿಲ್ಲ, ಏನನ್ನೂ ಮಾಡಬೇಕಿಲ್ಲ, ಆದ್ದರಿಂದ ನೋಟಿಸು ಮತ್ತು ಹೊರಗುಳಿಯುವ ಅವಕಾಶ ಕೊಟ್ಟರೆ ಸಾಕು ಎಂಬುದು ಸರ್ವೋಚ್ಚ ನ್ಯಾಯಾಲಯದ ತರ್ಕ. ತೀರ್ಪು ಶೋಧನೆಯನ್ನು ಕುರಿತದ್ದಲ್ಲ. ಆದರೂ ಆ ತರ್ಕದ ಪರಿಣಾಮ ದೂರಗಾಮಿ. ಸದಸ್ಯರ ಮೇಲೆ ಪ್ರಶ್ನಾವಳಿ, ಹೇಳಿಕೆ, ದಂಡನೆಗಳ ಹೊರೆ ಹೇರಿದರೆ, ಅವರನ್ನು ದೂರದ ನ್ಯಾಯಾಲಯದ ತೀರ್ಪಿಗೆ ಬದ್ಧರನ್ನಾಗಿಸುವ ಸಮರ್ಥನೆಯೇ ದುರ್ಬಲವಾಗುತ್ತದೆ.

ಬ್ರೆನನ್ ಪ್ರಕರಣ, 1971

1966ರ ತಿದ್ದುಪಡಿಯ ನಂತರದ ಕೆಲವು ವರ್ಷ ಜಿಲ್ಲಾ ನ್ಯಾಯಾಲಯಗಳು ತಮ್ಮ ತಮ್ಮ ದಾರಿ ಹಿಡಿದವು. ಹೆಸರಿಸದವರು ಪಕ್ಷಕಾರರಲ್ಲ, ಪ್ರಶ್ನಾವಳಿ ಕಳುಹಿಸುವಂತಿಲ್ಲ ಎಂದು ಕೆಂಟಕಿಯ ಫಿಷರ್ ವಿರುದ್ಧ ವುಲ್ಫಿನ್‌ಬಾರ್ಗರ್ ಪ್ರಕರಣದಲ್ಲಿ 1971ರಲ್ಲಿಯೂ, ಜಾರ್ಜಿಯದ ವೇನ್‌ರೈಟ್ ವಿರುದ್ಧ ಕ್ರಾಫ್ಟ್‌ಕೊ ಪ್ರಕರಣದಲ್ಲಿ 1972ರಲ್ಲಿಯೂ ತೀರ್ಪಾಯಿತು.

ಮೇಲ್ಮನವಿ ನ್ಯಾಯಾಲಯವೊಂದು ಈ ಪ್ರಶ್ನೆಯನ್ನು ವಿವರವಾಗಿ ಎದುರಿಸಿದ್ದು ಬ್ರೆನನ್ ವಿರುದ್ಧ ಮಿಡ್‌ವೆಸ್ಟರ್ನ್ ಯುನೈಟೆಡ್ ಲೈಫ್ ಇನ್ಶೂರೆನ್ಸ್ ಕಂಪನಿ ಪ್ರಕರಣದಲ್ಲಿ. ಇಂಡಿಯಾನ ರಾಜ್ಯದ ವಿಮಾ ಕಂಪನಿಯೊಂದರ ಷೇರುಗಳನ್ನು ದಲ್ಲಾಳಿ ಸಂಸ್ಥೆಯೊಂದರ ಮೂಲಕ ಕೊಂಡವರು ಮೋಸಹೋಗಿದ್ದರು. ಆ ವಂಚನೆಗೆ ವಿಮಾ ಕಂಪನಿಯೂ ನೆರವಾಯಿತು ಎಂಬುದು ಆರೋಪ. ಪ್ರತಿವಾದಿಯ ಕೋರಿಕೆಯಂತೆ ಹೆಸರಿಸದ ಸದಸ್ಯರಿಗೂ ಪ್ರಶ್ನೆಗಳು ಹೋದವು. ಹಲವರು ಉತ್ತರಿಸಲಿಲ್ಲ, ಅಂಥವರ ಹಕ್ಕನ್ನು ಜಿಲ್ಲಾ ನ್ಯಾಯಾಲಯವು ಮತ್ತೆ ದಾವೆ ಹೂಡಲಾಗದಂತೆ ವಜಾ ಮಾಡಿತು. ಏಳನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಆ ತೀರ್ಪಿನ ತಿರುಳು ಎರಡು ಭಾಗಗಳಲ್ಲಿದೆ. ಎಲ್ಲ ಪಕ್ಷಗಳಿಗೂ ನ್ಯಾಯ ಒದಗಬೇಕಾದರೆ ಗೈರುಹಾಜರಿ ಸದಸ್ಯರ ಬಳಿಯಿರುವ ಮಾಹಿತಿ ಬೇಕೇ ಬೇಕು ಎಂದು ವಿಚಾರಣಾ ನ್ಯಾಯಾಧೀಶರಿಗೆ ಮನದಟ್ಟಾದರೆ ಅವರು ಶೋಧನೆಗೆ ಆದೇಶಿಸಬಹುದು. ಆದೇಶವಿದ್ದ ಮೇಲೆ ಅದನ್ನು ಉಲ್ಲಂಘಿಸಿದವರಿಗೆ ದಂಡನೆಯೂ ಇರಬೇಕು. ಇದು ಒಂದು ಭಾಗ. ಶೋಧನೆಯು ಸದಸ್ಯರ ಮೇಲೆ ಅನುಚಿತ ಲಾಭ ಪಡೆಯುವ ತಂತ್ರವಾಗಲಿ, ಪರಿಹಾರ ಕೇಳುವವರ ಸಂಖ್ಯೆಯನ್ನು ಕರಗಿಸುವ ಉಪಾಯವಾಗಲಿ ಆಗಕೂಡದು ಎಂಬುದು ಇನ್ನೊಂದು. ಮೊದಲ ಭಾಗವನ್ನು ಪ್ರತಿವಾದಿಗಳ ವಕೀಲರು ಇಂದಿಗೂ ಉಲ್ಲೇಖಿಸುತ್ತಾರೆ, ಎರಡನೆಯದನ್ನು ವಾದಿಗಳ ವಕೀಲರು. ಒಂದೇ ತೀರ್ಪು ಎರಡೂ ಕಡೆಯವರ ಕೈಯಲ್ಲಿ ಹೀಗೆ ಬಳಕೆಯಾಗುವುದು ಅಪರೂಪವಲ್ಲದಿದ್ದರೂ ಇಲ್ಲಿ ಅದು ಎದ್ದು ಕಾಣುತ್ತದೆ.

ಕ್ಲಾರ್ಕ್ ಪ್ರಕರಣ, 1974

ಮೂರೇ ವರ್ಷಗಳಲ್ಲಿ ಅದೇ ಏಳನೆಯ ವಲಯದ ನ್ಯಾಯಾಲಯ ಕ್ಲಾರ್ಕ್ ವಿರುದ್ಧ ಯೂನಿವರ್ಸಲ್ ಬಿಲ್ಡರ್ಸ್ ಪ್ರಕರಣದಲ್ಲಿ ಬ್ರೆನನ್ ತೀರ್ಪಿಗೆ ಬಿಗಿಯಾದ ಕಡಿವಾಣ ಹಾಕಿತು. ಪ್ರಕರಣದ ಸಾಮಾಜಿಕ ಹಿನ್ನೆಲೆ ತಿಳಿಯದೆ ತೀರ್ಪಿನ ಮಹತ್ವ ಅರ್ಥವಾಗುವುದಿಲ್ಲ.

1950 ಮತ್ತು 60ರ ದಶಕಗಳ ಶಿಕಾಗೊ ನಗರದಲ್ಲಿ ಕಪ್ಪು ಜನಾಂಗದ ಕುಟುಂಬಗಳಿಗೆ ಬ್ಯಾಂಕುಗಳು ಗೃಹಸಾಲ ಕೊಡುತ್ತಿರಲಿಲ್ಲ. ಅವರು ವಾಸಿಸುವ ಬಡಾವಣೆಗಳಿಗೆ ಕೇಂದ್ರ ಸರ್ಕಾರದ ಸಾಲ ವಿಮೆಯೂ ದೊರೆಯುತ್ತಿರಲಿಲ್ಲ. ಹೀಗಾಗಿ ಅವರಿಗೆ ಉಳಿದದ್ದು ಕಂತಿನ ಕರಾರಿನ ಮೇಲೆ ಮನೆ ಕೊಳ್ಳುವ ದಾರಿ. ಈ ಕರಾರಿನಲ್ಲಿ ಕೊನೆಯ ಕಂತು ತೀರುವವರೆಗೆ ಮನೆಯ ಹಕ್ಕುಪತ್ರ ಮಾರಾಟಗಾರನ ಹೆಸರಿನಲ್ಲಿಯೇ ಇರುತ್ತಿತ್ತು. ಕಂತು ತಪ್ಪಿದರೆ ಮನೆಯೂ ಹೋಗಬಹುದು, ಅದುವರೆಗೆ ಕಟ್ಟಿದ ಹಣವೂ ಹೋಗಬಹುದು. ಬೆಲೆಯಾದರೋ ಬಿಳಿಯರು ಕೊಳ್ಳುವ ಅಂಥದೇ ಮನೆಗಿಂತ ಬಹಳ ಹೆಚ್ಚು ಎಂಬುದು ಕೊಂಡವರ ದೂರು. 1968ರಲ್ಲಿ ಅವರು ಕಾಂಟ್ರ್ಯಾಕ್ಟ್ ಬೈಯರ್ಸ್ ಲೀಗ್ ಎಂಬ ಸಂಘಟನೆ ಕಟ್ಟಿದರು. ಅದರ ಹೋರಾಟದಿಂದ ಎರಡು ಸಮೂಹ ದಾವೆಗಳು ಹುಟ್ಟಿದವು. ನಗರದ ದಕ್ಷಿಣ ಭಾಗದಲ್ಲಿ ಹೊಸದಾಗಿ ಕಟ್ಟಿ ಮಾರಿದ ಮನೆಗಳಿಗೆ ಸಂಬಂಧಿಸಿದ್ದು ಕ್ಲಾರ್ಕ್ ದಾವೆ. ಜನಾಂಗ ಪ್ರತ್ಯೇಕತೆಯಿಂದ ಉಂಟಾದ ಅಸಹಾಯಕತೆಯನ್ನು ಬಳಸಿಕೊಂಡು ಲಾಭ ಮಾಡುವುದು 1866ರ ನಾಗರಿಕ ಹಕ್ಕುಗಳ ಕಾಯ್ದೆಯ ಉಲ್ಲಂಘನೆ ಎಂಬುದು ಅದರ ವಾದ.

ಪ್ರತಿವಾದಿಗಳ ಪ್ರಶ್ನಾವಳಿಗೆ ಉತ್ತರಿಸದ ಹೆಸರಿಸದ ಸದಸ್ಯರನ್ನು ವಿಚಾರಣಾ ನ್ಯಾಯಾಲಯವು ದಾವೆಯಿಂದ ಹೊರಹಾಕಿತ್ತು. ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಆ ಪ್ರಶ್ನೆಗಳು ತಾಂತ್ರಿಕ ಸ್ವರೂಪದವು, ವಕೀಲರ ಅಥವಾ ತಜ್ಞರ ನೆರವಿಲ್ಲದೆ ಉತ್ತರಿಸಲು ಕಠಿಣವಾದವು. ಸಂಸಾರ ನಡೆಸುತ್ತ ಕಂತು ಕಟ್ಟುವ ಜನರು ಅದಕ್ಕಾಗಿ ತಲಾ ಒಬ್ಬ ವಕೀಲನನ್ನು ಹುಡುಕಬೇಕಾದರೆ ಸಮೂಹ ದಾವೆಯ ಉದ್ದೇಶವೇ ಉಳಿಯದು. ಶೋಧನೆ ಬೇಕೆನ್ನುವ ಪಕ್ಷವೇ ಅದರ ಅಗತ್ಯವನ್ನು ಸ್ಥಾಪಿಸಬೇಕು, ಸದಸ್ಯರು ತಮ್ಮನ್ನು ಏಕೆ ಬಿಡಬೇಕೆಂದು ವಾದಿಸಬೇಕಾದ್ದಿಲ್ಲ ಎಂದು ತೀರ್ಪು ಸ್ಪಷ್ಟಪಡಿಸಿತು. ಲಿಖಿತ ಪ್ರಶ್ನಾವಳಿಗಿಂತ ಮೌಖಿಕ ಹೇಳಿಕೆಗೆ ಕರೆಸುವುದು ಹೆಚ್ಚು ಬೆದರಿಸುವಂಥದು. ಆದ್ದರಿಂದ ಅದನ್ನು ಕೇಳುವವರ ಮೇಲಿನ ರುಜುವಾತಿನ ಭಾರವೂ ಹೆಚ್ಚು ಎಂದಿತು.

ಅದೇ ತೀರ್ಪಿನಲ್ಲಿ ಮೇಲ್ಮನವಿ ನ್ಯಾಯಾಲಯ ಮನೆ ಕೊಂಡವರ ಕಾನೂನು ವಾದಕ್ಕೂ ಮಾನ್ಯತೆ ನೀಡಿ ಪ್ರಕರಣವನ್ನು ಮರುವಿಚಾರಣೆಗೆ ಕಳುಹಿಸಿತು. ಆದರೆ ವರ್ಷಗಟ್ಟಲೆ ನಡೆದ ಆ ವ್ಯಾಜ್ಯದಲ್ಲಿ ಅವರಿಗೆ ಕೊನೆಗೆ ಜಯ ದೊರೆಯಲಿಲ್ಲ. ಅವರ ಹೆಸರಿನಲ್ಲಿ ಉಳಿದುಬಂದದ್ದು ಮುಂದಿನ ಸಮೂಹ ದಾವೆಗಳ ಸದಸ್ಯರಿಗೆಲ್ಲ ಆಸರೆಯಾದ ಈ ಪ್ರಕ್ರಿಯಾ ನಿಯಮ. ಲೀಗಿನ ಇತಿಹಾಸವನ್ನು ಬೆರಿಲ್ ಸ್ಯಾಟರ್ ಅವರು 2009ರಲ್ಲಿ ಪ್ರಕಟವಾದ ಫ್ಯಾಮಿಲಿ ಪ್ರಾಪರ್ಟೀಸ್ ಗ್ರಂಥದಲ್ಲಿ ವಿಸ್ತಾರವಾಗಿ ದಾಖಲಿಸಿದ್ದಾರೆ.

ನ್ಯಾಯಾಲಯಗಳು ಪರಿಶೀಲಿಸುವ ಅಂಶಗಳು

ಈ ಎರಡು ತೀರ್ಪುಗಳಿಂದ ಬೆಳೆದ ಪರೀಕ್ಷೆಯ ಮಾತುಗಳು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಸ್ವಲ್ಪ ಬದಲಾದರೂ ಸಾರ ಒಂದೇ. ಕೇಳುವ ಮಾಹಿತಿ ಸಮೂಹಕ್ಕೆಲ್ಲ ಸಮಾನವಾದ ಪ್ರಶ್ನೆಗಳಿಗೆ ಸಂಬಂಧಿಸಿರಬೇಕು. ಅದು ಪ್ರತಿನಿಧಿ ವಾದಿಗಳಿಂದಾಗಲಿ ಪ್ರತಿವಾದಿಯ ಸ್ವಂತ ದಾಖಲೆಗಳಿಂದಾಗಲಿ ಸಿಗದಂತಿರಬೇಕು. ಕೋರಿಕೆ ಪ್ರಾಮಾಣಿಕವಾಗಿರಬೇಕು, ಕಿರುಕುಳ ಕೊಡುವ ಅಥವಾ ಸದಸ್ಯರನ್ನು ಹೆದರಿಸಿ ಓಡಿಸುವ ಉದ್ದೇಶ ಇರಬಾರದು. ಉತ್ತರಿಸಲು ವಕೀಲರ ಸಹಾಯ ಬೇಕಾಗುವಂತಿರಬಾರದು, ಹೊರೆಯೂ ಮಿತಿ ಮೀರಬಾರದು. 2015ರ ತಿದ್ದುಪಡಿಯಿಂದ 26ನೆಯ ನಿಯಮದಲ್ಲಿ ಶೋಧನೆಯು ಪ್ರಕರಣದ ಅಗತ್ಯಕ್ಕೆ ಅನುಪಾತದಲ್ಲಿರಬೇಕೆಂಬ ಷರತ್ತು ಪ್ರಮುಖ ಸ್ಥಾನ ಪಡೆದ ಮೇಲೆ ಈ ಕೊನೆಯ ಅಂಶಕ್ಕೆ ಇನ್ನಷ್ಟು ಬಲ ಬಂದಿದೆ.

ಇವುಗಳಲ್ಲಿ ಹೆಚ್ಚಿನ ಕೋರಿಕೆಗಳು ಬಿದ್ದುಹೋಗುವುದು ಎರಡನೆಯ ಅಂಶದ ಮೇಲೆ. ಬ್ಯಾಂಕು ತನ್ನ ಗ್ರಾಹಕರಿಂದ ಎಷ್ಟು ಶುಲ್ಕ ವಸೂಲಿ ಮಾಡಿತು ಎಂಬುದಕ್ಕೆ ಬ್ಯಾಂಕಿನ ಲೆಕ್ಕಪುಸ್ತಕವೇ ಸಾಕ್ಷಿ. ಅದನ್ನು ಗ್ರಾಹಕರ ನೆನಪಿನಿಂದ ಹೆಕ್ಕಬೇಕಾಗಿಲ್ಲ. ಜಾಹೀರಾತಿನ ಸುಳ್ಳನ್ನು ಗ್ರಾಹಕ ನಂಬಿಯೇ ಸರಕು ಕೊಂಡನೇ ಎಂಬ ಪ್ರಶ್ನೆ ಬೇರೆ. ಅದರ ಉತ್ತರ ಗ್ರಾಹಕನ ಮನಸ್ಸಿನಲ್ಲಿ ಮಾತ್ರ ಇರುವುದರಿಂದ ಅಂತಹ ಪ್ರಕರಣಗಳಲ್ಲಿ ಕೆಲವು ನ್ಯಾಯಾಲಯಗಳು ಸೀಮಿತ ಶೋಧನೆಗೆ ಒಪ್ಪಿವೆ.

ಅನುಮತಿ ಕೊಡುವಾಗಲೂ ಎಲ್ಲ ಸದಸ್ಯರಿಗೂ ಪ್ರಶ್ನಾವಳಿ ಹೋಗುವುದು ವಿರಳ. ಯಾದೃಚ್ಛಿಕವಾಗಿ ಆಯ್ದ ಒಂದು ಮಾದರಿ ಗುಂಪಿಗೆ, ಸರಳ ಭಾಷೆಯ ಕೆಲವೇ ಪ್ರಶ್ನೆಗಳು, ನ್ಯಾಯಾಧೀಶರು ಕರಡನ್ನು ನೋಡಿದ ಮೇಲೆ, ಸಮೂಹದ ವಕೀಲರ ಮೂಲಕ ಹೋಗುತ್ತವೆ. ಸಮೂಹಕ್ಕೆ ಮಾನ್ಯತೆ ದೊರೆತ ಮೇಲೆ ಆ ವಕೀಲರು ಸದಸ್ಯರೆಲ್ಲರ ವಕೀಲರೂ ಆಗಿರುವುದರಿಂದ ಎದುರು ಪಕ್ಷದ ವಕೀಲರು ಪ್ರಕರಣದ ಬಗ್ಗೆ ಸದಸ್ಯರೊಡನೆ ನೇರವಾಗಿ ಮಾತನಾಡುವುದು ವೃತ್ತಿ ನೀತಿಗೆ ವಿರುದ್ಧ. ಮಾದರಿಯಿಂದ ಇಡೀ ಸಮೂಹದ ಬಗ್ಗೆ ತೀರ್ಮಾನಕ್ಕೆ ಬರುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2016ರ ಟೈಸನ್ ಫುಡ್ಸ್ ಪ್ರಕರಣದಲ್ಲಿ ಸಂದರ್ಭಾನುಸಾರ ಒಪ್ಪಿದೆ. ಅಯೋವ ರಾಜ್ಯದ ಮಾಂಸ ಸಂಸ್ಕರಣಾ ಘಟಕದ 3,344 ಕಾರ್ಮಿಕರು ರಕ್ಷಣಾ ಉಡುಪು ತೊಡಲು ಕಳಚಲು ತಗಲುವ ಸಮಯಕ್ಕೆ ಕೂಲಿ ಕೇಳಿದ್ದರು. ಕಂಪನಿ ಆ ಸಮಯದ ದಾಖಲೆ ಇಟ್ಟಿರಲಿಲ್ಲ. ತಜ್ಞರು ವಿಡಿಯೊದಲ್ಲಿ ಗಮನಿಸಿದ 744 ನಿದರ್ಶನಗಳ ಸರಾಸರಿಯನ್ನು ಸಾಕ್ಷ್ಯವಾಗಿ ಬಳಸಿದ್ದು ಸರಿ ಎಂದು ತೀರ್ಪಾಯಿತು.

ಹಂತವೂ ಮುಖ್ಯ. ಪ್ರತಿವಾದಿಯ ಹೊಣೆ ಮೊದಲು ತೀರ್ಮಾನವಾಗಿ, ಯಾರಿಗೆ ಎಷ್ಟು ಎಂಬ ಲೆಕ್ಕ ಉಳಿದಾಗ ಸದಸ್ಯನು ಹಕ್ಕು ನಮೂನೆ ತುಂಬಿ ಪುರಾವೆ ಒದಗಿಸುವುದು ಸಹಜವಾದ ಕ್ರಮ. ಅದಕ್ಕೆ ಮುಂಚೆಯೇ ಪ್ರತಿಯೊಬ್ಬರ ವೈಯಕ್ತಿಕ ನಷ್ಟದ ವಿವರ ಕೇಳುವುದನ್ನು ನ್ಯಾಯಾಲಯಗಳು ಸಂಶಯದಿಂದಲೇ ನೋಡುತ್ತವೆ.

ರಕ್ಷಣೆ ಸಡಿಲವಾಗುವ ಸಂದರ್ಭಗಳು

ಹೆಸರಿಸದ ಸದಸ್ಯನು ತಾನಾಗಿ ಮುಂದೆ ಬಂದರೆ ಪರಿಸ್ಥಿತಿ ಬದಲಾಗುತ್ತದೆ. ಪ್ರತಿನಿಧಿ ವಾದಿಯ ಪರವಾಗಿ ಪ್ರಮಾಣಪತ್ರ ಸಲ್ಲಿಸಿದವನನ್ನು, ಸಾಕ್ಷಿಗಳ ಪಟ್ಟಿಯಲ್ಲಿ ಹೆಸರಿರುವವನನ್ನು ಪ್ರಶ್ನಿಸಲು ಸಾಮಾನ್ಯವಾಗಿ ಅವಕಾಶವಿದೆ. ಒಂದು ಕಡೆ ಸಾಕ್ಷ್ಯ ನುಡಿದು ಇನ್ನೊಂದು ಕಡೆ ಮೌನದ ಹಕ್ಕು ಕೇಳಲಾಗದು. ರಾಜಿಗೆ ಆಕ್ಷೇಪ ಎತ್ತಿದವರನ್ನು, ವಿಶೇಷವಾಗಿ ಆಕ್ಷೇಪವನ್ನೇ ವೃತ್ತಿಯಾಗಿಸಿಕೊಂಡವರನ್ನು, ಅವರ ಉದ್ದೇಶದ ಬಗ್ಗೆ ಪ್ರಶ್ನಿಸಲು ನ್ಯಾಯಾಲಯಗಳು ಬಿಟ್ಟಿರುವುದುಂಟು.

ನ್ಯಾಯಬದ್ಧ ಕಾರ್ಮಿಕ ಮಾನಕಗಳ ಕಾಯ್ದೆಯಡಿ ಕೂಲಿ ಬಾಕಿಗಾಗಿ ಹೂಡುವ ಸಾಮೂಹಿಕ ದಾವೆಗಳು ಬೇರೆಯೇ ಜಾತಿಯವು. 1938ರ ಆ ಕಾಯ್ದೆಯಲ್ಲಿ ಕಾರ್ಮಿಕನು ಲಿಖಿತ ಒಪ್ಪಿಗೆ ಕೊಟ್ಟರೆ ಮಾತ್ರ ದಾವೆಗೆ ಸೇರುತ್ತಾನೆ. ಹೀಗೆ ಸೇರಿದವನು ಪಕ್ಷಕಾರನೇ ಆದ್ದರಿಂದ ಪ್ರತಿಯೊಬ್ಬನೂ ಉತ್ತರಿಸಬೇಕು ಎಂದು ಕೆಲವು ಜಿಲ್ಲಾ ನ್ಯಾಯಾಲಯಗಳೂ, ನೂರಾರು ಜನ ಸೇರಿದಾಗ ಮಾದರಿ ಗುಂಪು ಸಾಕು ಎಂದು ಇನ್ನು ಕೆಲವೂ ಹೇಳಿವೆ. ಈ ಭಿನ್ನಾಭಿಪ್ರಾಯ ಇನ್ನೂ ಬಗೆಹರಿದಿಲ್ಲ.

ಇದಕ್ಕೆ ಪ್ರತಿಯಾಗಿ, 23ನೆಯ ನಿಯಮದ ಸಮೂಹ ದಾವೆಯಲ್ಲಿ ಒಪ್ಪಿಗೆ ಕೊಟ್ಟವರು ಮಾತ್ರ ಸದಸ್ಯರು ಎಂಬ ಷರತ್ತು ಹಾಕುವಂತಿಲ್ಲ. 2000ದ ನವೆಂಬರಿನಲ್ಲಿ ಆಸ್ಟ್ರಿಯದ ಕಾಪ್ರೂನ್ ಬೆಟ್ಟದ ರೈಲಿಗೆ ಬೆಂಕಿ ಹತ್ತಿ 155 ಜನ ಸತ್ತ ದುರಂತದಿಂದ ಹುಟ್ಟಿದ ಕರ್ನ್ ವಿರುದ್ಧ ಸೀಮೆನ್ಸ್ ಪ್ರಕರಣದಲ್ಲಿ ಎರಡನೆಯ ವಲಯದ ನ್ಯಾಯಾಲಯ 2004ರಲ್ಲಿ ಹೀಗೆಂದು ತೀರ್ಮಾನಿಸಿತು. ಪ್ರಶ್ನಾವಳಿಗೆ ಉತ್ತರಿಸದವರೆಲ್ಲ ಹೊರಗೆ ಎಂಬ ಆದೇಶವು ಹಿಂಬಾಗಿಲಿನಿಂದ ಅದೇ ಷರತ್ತನ್ನು ತಂದಂತಾಗುತ್ತದೆ ಎಂಬುದು ವಜಾ ಶಿಕ್ಷೆಯನ್ನು ವಿರೋಧಿಸುವವರ ಬಲವಾದ ವಾದ.

ಕ್ಯಾಲಿಫೋರ್ನಿಯ ಮತ್ತು ಕೆನಡ

ರಾಜ್ಯಗಳ ನ್ಯಾಯಾಲಯಗಳಿಗೆ ತಮ್ಮವೇ ನಿಯಮಗಳಿವೆ. ಕ್ಯಾಲಿಫೋರ್ನಿಯದ ನ್ಯಾಯಾಲಯ ನಿಯಮ 3.768 ಫೆಡರಲ್ ಪದ್ಧತಿಗೆ ಬಹುಮಟ್ಟಿಗೆ ತಿರುವುಮುರುವು. ಅದರಂತೆ ಹೆಸರಿಸದ ಸದಸ್ಯನನ್ನು ಹೇಳಿಕೆಗಾಗಿ ಸಮನ್ಸ್ ಮೂಲಕ ಕರೆಸಲು ನ್ಯಾಯಾಲಯದ ಪೂರ್ವಾನುಮತಿ ಬೇಡ. ಬೇಡವೆನಿಸಿದವರು ರಕ್ಷಣಾ ಆದೇಶಕ್ಕೆ ಅರ್ಜಿ ಹಾಕಬೇಕು. ಲಿಖಿತ ಪ್ರಶ್ನಾವಳಿಗೆ ಮಾತ್ರ ಆದೇಶ ಅಗತ್ಯ.

ಕೆನಡದ ಒಂಟಾರಿಯೊ ಪ್ರಾಂತ್ಯವು ನ್ಯಾಯಾಧೀಶರ ವಿವೇಚನೆಗೆ ಬಿಡದೆ ಶಾಸನದಲ್ಲಿಯೇ ವಿಷಯವನ್ನು ಬರೆದಿಟ್ಟಿದೆ. 1992ರ ಅಲ್ಲಿನ ಸಮೂಹ ವ್ಯವಹರಣೆ ಕಾಯ್ದೆಯ 15ನೆಯ ಕಲಮಿನಂತೆ ಮೊದಲು ಪ್ರತಿನಿಧಿಯಿಂದ ಶೋಧನೆ ಮುಗಿಯಬೇಕು. ಆಮೇಲೆ ಇತರ ಸದಸ್ಯರಿಂದ ಬೇಕಾದರೆ ನ್ಯಾಯಾಲಯದ ಅನುಮತಿ ಕೇಳಬೇಕು. ದಾವೆಯ ಹಂತ, ಉಪಗುಂಪುಗಳ ಇರುವಿಕೆ, ಶೋಧನೆಯ ಅಗತ್ಯ, ಒಬ್ಬೊಬ್ಬರ ಹಕ್ಕಿನ ಅಂದಾಜು ಮೊತ್ತ, ಸದಸ್ಯರಿಗೆ ಆಗುವ ತೊಂದರೆ ಮತ್ತು ಖರ್ಚು ಇವನ್ನು ನ್ಯಾಯಾಲಯ ತೂಗುತ್ತದೆ. ಓದುವವರಿಗೆ ಅಮೆರಿಕದ ತೀರ್ಪುಗಳ ರಾಶಿಗಿಂತ ಇದು ಎಷ್ಟೋ ತಿಳಿಯಾಗಿದೆ.

ವಿವಾದ

ಪ್ರತಿವಾದಿಗಳ ವಾದದಲ್ಲಿ ಹುರುಳಿಲ್ಲದಿಲ್ಲ. ತನ್ನ ಮೇಲೆ ಹಕ್ಕು ಸಾಧಿಸುವವನನ್ನು ಪ್ರಶ್ನಿಸುವುದು ನ್ಯಾಯದ ಮೂಲ ಅಂಶ. ಒಬ್ಬನೇ ದಾವೆ ಹೂಡಿದ್ದರೆ ಅವನಿಗೆ ಕೇಳಬಹುದಾಗಿದ್ದ ಪ್ರಶ್ನೆಯನ್ನು ಅವನು ಸಮೂಹದಲ್ಲಿ ಸೇರಿಕೊಂಡ ಮಾತ್ರಕ್ಕೆ ಕೇಳಬಾರದೇಕೆ? 1934ರ ನಿಯಮ ರಚನಾಧಿಕಾರ ಕಾಯ್ದೆಯ ಪ್ರಕಾರ ಪ್ರಕ್ರಿಯಾ ನಿಯಮಗಳು ಮೂಲ ಹಕ್ಕುಗಳನ್ನು ಹೆಚ್ಚಿಸುವಂತಿಲ್ಲ, ಕುಗ್ಗಿಸುವಂತಿಲ್ಲ ಎಂಬುದನ್ನೂ ಅವರು ಮುಂದಿಡುತ್ತಾರೆ. ಸದಸ್ಯರ ಉತ್ತರಗಳು ಪರಸ್ಪರ ಭಿನ್ನವಾಗಿವೆ ಎಂದು ತೋರಿಸಿ, ಸಮಾನ ಪ್ರಶ್ನೆಗಳೇ ಇಲ್ಲವೆಂದು ಸಮೂಹದ ಮಾನ್ಯತೆಯನ್ನು ಪ್ರಶ್ನಿಸುವುದು ಅವರ ಇನ್ನೊಂದು ಗುರಿ.

ವಾದಿಗಳ ಕಡೆಯವರು ಅನುಭವದತ್ತ ಬೆರಳು ತೋರಿಸುತ್ತಾರೆ. ಕಾನೂನು ಭಾಷೆಯ ಲಕೋಟೆ ಮನೆಗೆ ಬಂದಾಗ ಜನ ಹೆದರುತ್ತಾರೆ, ಇಲ್ಲವೇ ಓದದೆ ಬದಿಗಿಡುತ್ತಾರೆ. ನೌಕರನಾದರೆ ಮಾಲೀಕನ ವಕೀಲರ ಪ್ರಶ್ನೆಯನ್ನು ಕೆಲಸಕ್ಕೆ ಬಂದ ಕುತ್ತೆಂದು ಭಾವಿಸುತ್ತಾನೆ. ಉತ್ತರ ಬರದಿದ್ದರೆ ಅದು ಹಕ್ಕಿಲ್ಲವೆಂಬುದಕ್ಕೆ ಪುರಾವೆಯಾಗದು. ಎರಡೂ ವಾದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಮಾದರಿ ಗುಂಪಿನ ಪದ್ಧತಿಯೇ ಸದ್ಯಕ್ಕೆ ಹೆಚ್ಚು ಸಮಂಜಸವೆನ್ನಬಹುದು, ವಜಾ ಶಿಕ್ಷೆಯನ್ನು ಅದರಿಂದ ದೂರವಿಟ್ಟರೆ.

ಭಾರತದಲ್ಲಿ

ಭಾರತದಲ್ಲಿ ಈ ಪ್ರಶ್ನೆ ಇದೇ ರೂಪದಲ್ಲಿ ಬೆಳೆದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ 1908ರ 1ನೆಯ ಆದೇಶದ 8ನೆಯ ನಿಯಮವು ಸಮಾನ ಹಿತಾಸಕ್ತಿಯುಳ್ಳ ಅನೇಕರ ಪರವಾಗಿ ಒಬ್ಬರು ಅಥವಾ ಕೆಲವರು ನ್ಯಾಯಾಲಯದ ಅನುಮತಿ ಪಡೆದು ಪ್ರಾತಿನಿಧಿಕ ದಾವೆ ಹೂಡಲು ಅವಕಾಶ ಕೊಡುತ್ತದೆ. ಎಲ್ಲರಿಗೂ ನೋಟಿಸು ಅಥವಾ ಬಹಿರಂಗ ಪ್ರಕಟಣೆ ಕಡ್ಡಾಯ; ಬಯಸಿದವರು ಪಕ್ಷಕಾರರಾಗಲು ಅರ್ಜಿ ಹಾಕಬಹುದು; ಡಿಕ್ರಿ ಎಲ್ಲರನ್ನೂ ಬಂಧಿಸುತ್ತದೆ. 11ನೆಯ ಆದೇಶದ ಪ್ರಶ್ನಾವಳಿಗೆ ಯಾವ ದಾವೆಯಲ್ಲಾದರೂ ನ್ಯಾಯಾಲಯದ ಅನುಮತಿ ಬೇಕು, ಅದು ಎದುರು ಪಕ್ಷಕಾರರಿಗೆ ಮಾತ್ರ. ಹೀಗಾಗಿ ಅಮೆರಿಕದಲ್ಲಿ ತೀರ್ಪುಗಳ ಮೂಲಕ ಕಟ್ಟಬೇಕಾದ ತಡೆಯ ಒಂದಂಶ ಇಲ್ಲಿ ನಿಯಮದಲ್ಲಿಯೇ ಇದೆ.

ಕಂಪನಿಗಳ ಕಾಯ್ದೆ 2013ರ 245ನೆಯ ಕಲಮು ಷೇರುದಾರರ ಮತ್ತು ಠೇವಣಿದಾರರ ಸಮೂಹ ದಾವೆಗೆ ದಾರಿ ಮಾಡಿತು. ಅದು ಜಾರಿಗೆ ಬಂದದ್ದು 2016ರಲ್ಲಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 35ನೆಯ ಕಲಮು ಗ್ರಾಹಕರ ಸಮೂಹ ದೂರಿಗೆ ಅವಕಾಶ ನೀಡುತ್ತದೆ. ಬೆಂಗಳೂರಿನ ವಸತಿ ಯೋಜನೆಯೊಂದಕ್ಕೆ ಸಂಬಂಧಿಸಿದ ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ 1,134 ಮನೆಗಳ ಪೈಕಿ 51 ಮನೆಗಳನ್ನು ಕೊಂಡ 91 ಮಂದಿ ಉಳಿದವರ ಪರವಾಗಿಯೂ ದೂರು ನೀಡಿದ್ದರು. ಎಲ್ಲರ ಹಿತಾಸಕ್ತಿ ಒಂದೇ ಎಂಬುದಕ್ಕೆ ದೂರಿನಲ್ಲಿ ಸಾಕಷ್ಟು ವಿವರವಿಲ್ಲವೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಮೂಹ ದೂರನ್ನು ಒಪ್ಪದೆ, ಸಹಿ ಹಾಕಿದವರ ಮಟ್ಟಿಗೆ ಜಂಟಿ ದೂರಾಗಿ ಮುಂದುವರಿಸಲು ಅನುಮತಿಸಿತು. ದೂರಿಗೆ ಸೇರದ ಉಳಿದ ಮನೆಗಳವರು ಅಲ್ಲಿಗೆ ಪ್ರಕರಣದ ಹೊರಗುಳಿದರು.